ಅಣ್ಣಾರು ತೊಳೆದಿಟ್ಟ ಕೊನೆಯ ಬಿಲ್ಲೆ

ತೆಲುಗು ನಾಡಿನ ಜೀಡಿಮೆಟ್ಲಾದ ನಮ್ಮ ಲ್ಯಾಬಿನಲ್ಲಿ ಅವರು ಹಿರಿಯ ಟೆಕ್ನೀಶಿಯನ್, ನಾನು ಕಿರಿಯ. ಅವರು ಕಲಬುರಗಿ ಕಡೆಯವರು, ನಾನು ಬೀದರಿನವನು. ಅಣ್ಣಾರು ಎಂದೇ ಕರೆಯುತ್ತಿದ್ದೆ. ಅವರು ತೀರಿಹೋದ ಮೇಲೆ ಅಲ್ಲಿ ಕನ್ನಡ ಮಾತಾಡಲು ನನಗೆ ಯಾರೂ ಇಲ್ಲ.

ನಮ್ಮ ಕೆಲಸ ಕೇಳಿದರೆ ಜನ ನಗುತ್ತಾರೆ. ಸಿಲಿಕಾನ್ ಬಿಲ್ಲೆಯ ಮೇಲೆ ಬಲು ತೆಳುವಾದ ಆಕ್ಸೈಡ್ ಪದರವಿರುತ್ತದೆ. ಅದು ಕರೆಂಟನ್ನು ತಡೆಯಬೇಕು. ತಡೆದರೂ ಎಷ್ಟು ಸೋರುತ್ತದೆ ಎಂದು ನಾವು ಅಳೆಯಬೇಕು. ಆ ಸೋರಿಕೆ ಎಷ್ಟು ಅಲ್ಪವೆಂದರೆ, ನಮ್ಮ ಹಳೆಯ ಕೇಬಲ್ಲಿನ ಪಕ್ಕ ಯಾರಾದರೂ ಪಾಲಿಯೆಸ್ಟರ್ ಪ್ಯಾಂಟಿನಲ್ಲಿ ಕಾಲಮೇಲೆ ಕಾಲು ಹಾಕಿದರೂ ಮೀಟರು ಗಾಬರಿಬೀಳುತ್ತದೆ.

"ಏ ತಮ್ಮಾ, ತೊಡಿ ಕೆರಕೋಬ್ಯಾಡೋ! ನಿನ್ನ ತುರಿಕಿ ರೀಡಿಂಗಿನ್ಯಾಗ ಬರಾಕತ್ತೈತಿ," ಎಂದು ಅಣ್ಣಾರು ಗದರುತ್ತಿದ್ದರು.

"ಸೊಳ್ಳಿ ಕಡ್ಯಾಕತ್ತೈತ್ರಿ, ಅಣ್ಣಾರ."

"ಕಡೀಲಿ ಬಿಡು. ಅದಕ್ಕೂ ಸಂಸಾರ ಐತಿ."

ಪದರ ಬೆಳೆಸುವ ಮುಂಚೆ ಬಿಲ್ಲೆಯನ್ನು ತೊಳೆಯಲು ಅಣ್ಣಾರು ತಮ್ಮದೇ ಕ್ರಮವೊಂದನ್ನು ಹುಡುಕಿದ್ದರು. ಹಾಗೆ ತೊಳೆದು ಪದರ ಬೆಳೆಸಿದ ಒಂದೇ ಬಿಲ್ಲೆ ಉಳಿದಿತ್ತು. ಸೋರಿಕೆ ಕಡಿಮೆ ಬಂದರೆ ಆ ಕ್ರಮ ಇಟ್ಟುಕೊಳ್ಳೋಣ, ಇಲ್ಲವಾದರೆ ಬಿಟ್ಟುಬಿಡೋಣ ಎಂದರು ಲ್ಯಾಬಿನ ಮುಖ್ಯಸ್ಥೆಯಾದ ನಮ್ಮ ಮೇಡಂ. ಸಂತಾಪ ಸಭೆಯ ಹೊತ್ತಿಗೆ ಫಲಿತಾಂಶ ಬೇಕೆಂದರು.

ಸಭೆ ಮೀಟರಿರುವ ಕೋಣೆಯಲ್ಲೇ. ಬೆಳಿಗ್ಗೆಯಿಂದ ಒಬ್ಬರಲ್ಲ ಒಬ್ಬರು ಕುರ್ಚಿ ಎಳೆಯುವವರೇ. ಅಂಕಿ ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ಅಣ್ಣಾರ ಕೆಲಸ ನನ್ನ ಕೈಯಲ್ಲೇ ಹಾಳಾಗುತ್ತದೆ ಎಂದು ಮತ್ತೆ ಮತ್ತೆ ಮೊದಲಿನಿಂದ ಅಳೆದೆ.

ಕಡೆಗೆ ಎಲ್ಲರೂ ಮೌನ ಆಚರಿಸಲು ಎದ್ದು ನಿಂತರು. ಯಾರೂ ಕೆರೆದುಕೊಳ್ಳಲಿಲ್ಲ. ಓರೆಗಣ್ಣಿನಿಂದ ನೋಡಿದೆ. ಅಂಕಿ ಇಳಿಯಿತು, ಇನ್ನೂ ಇಳಿಯಿತು, ನಿಂತಿತು.

"ಬಂತು!" ಎಂದು ಕೂಗಿಬಿಟ್ಟೆ.

ಮೇಡಂ ಕಣ್ಣು ಮುಚ್ಚಿಕೊಂಡೇ, "ಏಮೊಚ್ಚಿಂದಿ?" ಎಂದು, ಏನು ಬಂತೆಂದು ತೆಲುಗಿನಲ್ಲಿ ಕೇಳಿದರು.

"ರೀಡಿಂಗ್, ಮೇಡಂ! ಯಾರೂ ಅಳ್ಳಾಡಬ್ಯಾಡ್ರಿ!" ಗಾಬರಿಯಲ್ಲಿ ನನ್ನ ತೆಲುಗು ಓಡಿಹೋಗಿತ್ತು. ಆದರೂ ಎಲ್ಲರಿಗೂ ತಿಳಿಯಿತು.

ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಪ್ರತಿಸಲ ಕಾಯಬೇಕು. ಮೌನ ಬೆಳೆಯಿತು. ಅಕೌಂಟ್ಸಿನವರ ಕಾಲು ನಡುಗತೊಡಗಿತು. ಹಾರ ಹಿಡಿದಿದ್ದ ವಾಚ್‌ಮನ್ ಸೀನಲು ಬಾಯಿ ತೆರೆದು ಮೂಗನ್ನು ಮೇಲೆತ್ತಿದ. "ತುಮ್ಮೊದ್ದು!" ಎಂದು ಮೇಡಂ ಪಿಸುಗುಟ್ಟಿದರು. ಪಾಪ, ಅವನು ಸೀನನ್ನು ನುಂಗಿ ಕಣ್ಣಲ್ಲಿ ನೀರು ತಂದುಕೊಂಡ. ಅಣ್ಣಾರಿಗಾಗಿ ಅಷ್ಟು ನಿಷ್ಠೆಯಿಂದ ಅತ್ತವರು ಅಲ್ಲಿ ಅವನೊಬ್ಬನೇ.

ಸೋರಿಕೆ ಕೊನೆಯವರೆಗೂ ಕಡಿಮೆಯೇ ಇತ್ತು.

ಎಲ್ಲರೂ ಮೊಣಕಾಲು ಉಜ್ಜಿಕೊಳ್ಳುತ್ತ ಕೂತರು. ಮೇಡಂ ನನ್ನ ಬಳಿ ಬಂದು, ಅಣ್ಣಾರು ಹೇಗೆ ತೊಳೆಯುತ್ತಿದ್ದರೆಂದು ತೋರಿಸಲು ಹೇಳಿದರು. ಖಾಲಿ ಕೈಯಲ್ಲೇ ಅದ್ದಿದೆ, ಎತ್ತಿದೆ, ಓರೆ ಮಾಡಿ ನೀರಿಳಿಸಿದೆ. ಅಲ್ಲಿಗೆ ನಿಲ್ಲಿಸಿ ಮೀಟರಿನ ಕಡೆ ನೋಡಿದೆ.

"ಆಮೇಲೆ?" ಎಂದರು ಮೇಡಂ.

ಆಮೇಲಿನದನ್ನೂ ತೋರಿಸಿದೆ.