ಎದುರು ಮಾತಿಲ್ಲದ ಮನೆ

ಆ ಬೆಳಿಗ್ಗೆಯೂ ಇವರಿಗೆ ದೋಸೆ ಹೊಯ್ದು ಕೊಡುತ್ತ, ನಡುನಡುವೆ ಟಿಫಿನ್ ಕ್ಯಾರಿಯರಿಗೆ ಅನ್ನ, ಸಾರು, ಅಲಸಂಡೆ ಪಲ್ಯ ತುಂಬಿಸುತ್ತಿದ್ದೆ. ಎಪ್ಪತ್ತರ ದಶಕ ಶುರುವಾಗಿತ್ತಷ್ಟೆ. ಕೊಚ್ಚಿಯಿಂದ ತಿರುವನಂತಪುರಕ್ಕೆ ಇವರಿಗೆ ವರ್ಗವಾಗಿತ್ತು. ಇವರು ಪೇಪರು ಹಿಡಿದರೆ ನನಗೆ ಕಾಣುವುದು ಬೆರಳುಗಳು ಮಾತ್ರ. ಚುನಾವಣೆ ಹತ್ತಿರ ಬಂದಿತ್ತು. ಯಾರಿಗೆ ಹಾಕಬೇಕೆಂದು ಇವರು ಹೇಳಿಯಾಗಿತ್ತು. ‘ನಮ್ಮ ಓಟು’ ಎನ್ನುತ್ತಿದ್ದರು, ಎರಡೂ ಸೇರಿ ಒಂದೇ ಎಂಬಂತೆ.

ಹಿಂದಿನ ದಿನ ಎದುರು ಪಕ್ಷದ ಅಭ್ಯರ್ಥಿ, ಬಿಳಿ ಮುಂಡು ಉಟ್ಟ ಹಿರಿಯರೊಬ್ಬರು, ನಮ್ಮ ಮೆಟ್ಟಿಲ ಬಳಿ ಬಂದು, ಹೇಳುವುದೇನಾದರೂ ಉಂಟೋ ಎಂದು ಕೇಳಿದ್ದರು. ಬರೀ ಕೈಮುಗಿದು ಮುಂದಿನ ಮನೆಗೆ ಹೋಗಿಬಿಡಲಿಲ್ಲ, ಉತ್ತರಕ್ಕೆ ಕಾದರು. ನನ್ನ ಮುರುಕು ಮಲೆಯಾಳದಲ್ಲಿ ಬೀದಿ ನಲ್ಲಿಯ ಕಷ್ಟ ಹೇಳಿದೆ. “ಪೈಪು ಹಳತಮ್ಮಾ. ಈ ವರ್ಷವೇ ಆಗುತ್ತದೆಂದು ಮಾತು ಕೊಡಲಾರೆ,” ಎಂದರು. ಆ ‘ಕೊಡಲಾರೆ’ ನನಗೆ ಹಿಡಿಸಿತು. ನನ್ನ ಓಟು ಅವರಿಗೇ, ಆದರೆ ಯಾಕೆಂದು ಇವರಿಗೆ ಹೇಳಿಯೇ ಹಾಕಬೇಕು ಎಂದು ವಾಕ್ಯಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಮಂಗಳೂರಿನ ಕಾನ್ವೆಂಟಿನಲ್ಲಿ ಕೈ ಎತ್ತಿ, ಸಿಸ್ಟರ್ ತಲೆಯಾಡಿಸಿದ ಮೇಲೆ ಮಾತಾಡಿ ಅಭ್ಯಾಸ. ಪೇಪರು ತಲೆಯಾಡಿಸುವುದಿಲ್ಲ.

“ನಾನು ಈ ಸಲ ಆ ಹಿರಿಯರಿಗೆ ಹಾಕ್ತೇನೆ,” ಎಂದೆ.

ಇವರು ಪುಟ ತಿರುಗಿಸಿದರು. “ಹಾಕು. ಚಟ್ನಿ ಉಂಟಾ?”

“ಯಾಕೆ ಅಂತ ಕೇಳುದಿಲ್ವಾ?”

“ಕೇಳುದೆಂತ ಮಾರಾಯ್ತಿ? ನಿನ್ನ ಒಂದು ಓಟಿಗೆ ಸರ್ಕಾರ ಬೀಳ್ತದಾ?”

ನಕ್ಕರು. ಸಿಟ್ಟಿನ ನಗುವಲ್ಲ. ಆಫೀಸಿನ ಬಸ್ಸು ಬಂತು, ಹೋದರು. ಬೇಡ ಎಂದಿದ್ದರೆ ನನ್ನ ಹತ್ತಿರ ಉತ್ತರವಿತ್ತು.

ಮಧ್ಯಾಹ್ನ ಜೀಪೊಂದು ಮೈಕಿನಲ್ಲಿ ಕೂಗುತ್ತ ಹೋಯಿತು: ಸಂಜೆ ಜಂಕ್ಷನ್ನಿನಲ್ಲಿ ಅಭ್ಯರ್ಥಿ ‘ಸಂಸಾರಿಕ್ಕುಂ’. ಮಲೆಯಾಳದಲ್ಲಿ ಸಂಸಾರವೆಂದರೆ ಮಾತುಕತೆ. ಕೊಚ್ಚಿಗೆ ಹೋದ ಹೊಸತರಲ್ಲಿ ಮನೆಯೊಡತಿ, “ಭರ್ತಾವು ಸಂಸಾರಿಕ್ಕಿಲ್ಲೇ?” ಎಂದದ್ದನ್ನು ಗಂಡ ಸಂಸಾರ ಮಾಡುವುದಿಲ್ಲವೇ ಎಂದು ತಿಳಿದು, “ಉಂಟು, ಉಂಟು” ಎಂದು ನಾಚಿದ್ದೆ. ನಮ್ಮಲ್ಲಿದ್ದದ್ದು ಕನ್ನಡದ ಸಂಸಾರ ಮಾತ್ರ.

ಪಕ್ಕದ ಮನೆಯಾಕೆಯನ್ನು ಅಲ್ಲಿಯವರಂತೆ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದೆ. ಚೇಚಿಯದು ಒಂದು ಪಾರ್ಟಿ, ಅವರ ಗಂಡನದು ಇನ್ನೊಂದು. ಒಂದೇ ಗೇಟಿಗೆ ಎರಡು ಬಾವುಟ. ಸಂಜೆಯಾದರೆ ಇಬ್ಬರೂ ಬೀದಿಗೆ ಕೇಳುವಂತೆ ವಾದಿಸುತ್ತಿದ್ದರು. ಮೊದಮೊದಲು ಹೆದರಿದ್ದೆ. ಆಮೇಲೆ ಅದನ್ನು ಕೇಳಲೆಂದೇ ಆ ಹೊತ್ತಿಗೆ ಮಲ್ಲಿಗೆಗೆ ನೀರು ಹಾಕುತ್ತಿದ್ದೆ.

ಆ ಸಂಜೆ ಚೇಚಿ ಗೋಡೆಯಾಚೆ ಕರಿಬೇವು ಕೊಯ್ಯುತ್ತಿದ್ದರು. ಅವರು ಕೇಳದಿದ್ದರೂ ಎಲ್ಲ ಹೇಳಿಬಿಟ್ಟೆ, ನಲ್ಲಿ, ಹಿರಿಯರು, ಯಾರಿಗೆ ನನ್ನ ಓಟು, ಯಾಕೆ. ಶಬ್ದ ಸಿಗದಲ್ಲಿ ಕೈಸನ್ನೆ ಮಾಡಿದೆ. ಚೇಚಿ ಕೊಯ್ಯುವುದನ್ನು ನಿಲ್ಲಿಸಿ ಕೊನೆಯವರೆಗೂ ಕೇಳಿದರು.

“ಅಯ್ಯೋ, ನಮ್ಮನೆಯವರ ಪಾರ್ಟಿಗಾ? ಮಂಡತ್ತರಂ! ಶುದ್ಧ ಪೆದ್ದುತನ,” ಎಂದು ಸೊಪ್ಪನ್ನು ಮಡಿಲಿಗೆ ಹಾಕಿಕೊಂಡು ತಿರುಗಿದರು. “ಒಲೆಯ ಮೇಲೆ ಅನ್ನ ಇದೆ. ನಾಳೆ ಬಾ, ನೀನು ಹೇಳಿದ್ದು ಎಲ್ಲಿ ತಪ್ಪು ಅಂತ ಹೇಳ್ತೇನೆ.”