ರೋಣದ ಮುಸಾಫಿರಖಾನೆಯಲ್ಲಿ ತಗಡಿನ ಪೀಪಿ

೧೮೫೮ರಲ್ಲಿ ನಾನು ಧಾರವಾಡದ ದವಾಖಾನೆಯಲ್ಲಿ ಡ್ರೆಸರ್ ಆಗಿದ್ದೆ. ಗಾಯ ತೊಳೆದು ಪಟ್ಟಿ ಕಟ್ಟುವವನಿಗೆ ಆಗ ಆ ಹೆಸರಿತ್ತು. ಬಂಡೆದ್ದ ನರಗುಂದದ ಕೋಟೆ ಇಂಗ್ಲಿಷರ ಕೈಸೇರಿದ ಮೇಲೆ ಗಜೇಂದ್ರಗಡದ ಕಡೆ ಹೊರಟ ಪಲ್ಟಣವೊಂದು, ತೊಡೆಗೆ ಗುಂಡು ತಗುಲಿದ್ದ ಸೋಲ್ಜರನೊಬ್ಬನನ್ನು ದಾರಿಹೋಕರು ತಂಗುವ ರೋಣದ ಮುಸಾಫಿರಖಾನೆಯಲ್ಲಿ ಬಿಟ್ಟುಹೋಯಿತು. ಬಂಡಿಯ ಕುಲುಕಾಟ ತಾಳುವಷ್ಟು ಅವನು ಚೇತರಿಸಿಕೊಳ್ಳುವವರೆಗೆ ನೋಡಿಕೊಳ್ಳಲು ನನ್ನನ್ನು ಕಳಿಸಿದರು.

ಅವನ ಹೆಸರು ಮೈಕೆಲ್, ಐರ್ಲೆಂಡಿನವನು. ಊರಿನವರು ಅತ್ತ ಸುಳಿಯುತ್ತಿರಲಿಲ್ಲ. ಅವನನ್ನು ಉಪಚರಿಸುತ್ತಿದ್ದ ನನ್ನನ್ನೂ ಯಾರೂ ಮಾತಾಡಿಸುತ್ತಿರಲಿಲ್ಲ. ಅಂಗಡಿಯವನು ಜೋಳದ ಹಿಟ್ಟನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋಗಿಬಿಡುತ್ತಿದ್ದ.

ಸಂಜೆಯಾದರೆ ಮೈಕೆಲ್ ಒಂದು ಪೀಪಿ ಊದುತ್ತಿದ್ದ. ನಮ್ಮ ಕೊಳಲಿನಂತೆ ಆರು ತೂತು, ಆದರೆ ಹಿಡಿಯುವುದು ನೆಟ್ಟಗೆ. ಅವರ ನಾಡಿನಲ್ಲಿ ಹಿಂದೆ ಇಂಥವನ್ನು ಮೂಳೆಯಿಂದಲೋ ಕಟ್ಟಿಗೆಯಿಂದಲೋ ಮಾಡುತ್ತಿದ್ದರಂತೆ. ಅವನು ಹುಡುಗನಾಗಿದ್ದಾಗ ಇಂಗ್ಲೆಂಡಿನಲ್ಲಿ ಯಾರೋ ತಗಡನ್ನು ಸುತ್ತಿ, ಬಾಯಿಗೆ ಮರದ ಬೆಣೆ ಕೂರಿಸಿ ಮಾರತೊಡಗಿದರು. ಪೆನ್ನಿ ಎಂಬ ತಾಮ್ರದ ನಾಣ್ಯಕ್ಕೆ ಸಿಗುವುದೆಂದು ಅದು ಪೆನ್ನಿ ವಿಸಲ್. ಆಲೂಗಡ್ಡೆ ಬೆಳೆ ಕೊಳೆತು ಬರ ಬಿದ್ದಾಗ ಊರು ಬಿಟ್ಟವರು ಇದನ್ನು ಜೇಬಿನಲ್ಲಿಟ್ಟುಕೊಂಡೇ ಹೊರಟರಂತೆ. ಆ ಬರದಲ್ಲೇ ಅವನ ಮನೆಯವರೆಲ್ಲ ತೀರಿಕೊಂಡಿದ್ದರು. ಇಷ್ಟನ್ನು ಅವನು ಹರಕು ಹಿಂದೂಸ್ಥಾನಿಯಲ್ಲಿ ಹೇಳಿದ.

ಒಂದು ದಿನ ಊರ ಗೌಡರು ಬಂದರು.

"ವೈದ್ಯರ, ಅದನ್ನ ಬಂದ್ ಮಾಡಸ್ರಿ. ಪಲ್ಟನ್ ಕರಿಯಾಕತ್ತಾನ ಅಂತ ಮಂದಿ ಅಂಜ್ಯಾರ. ನಾಳಿ ಯಾರರ ಬಂದು ಬೆಂಕಿ ಹಚ್ಚಿದ್ರ ನನ್ನ ಕೈಯಾಗ ಇರೂದಿಲ್ಲ."

ಬೇರೆ ದಾರಿ ಕಾಣದೆ ಪೀಪಿಯನ್ನು ಕೇಳಿ ಪಡೆದು ಔಷಧದ ಪೆಟ್ಟಿಗೆಯಲ್ಲಿಟ್ಟೆ. ಮೈಕೆಲ್ ತಕರಾರು ಮಾಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಗಂಜಿ ಮುಟ್ಟಲಿಲ್ಲ. ಗಾಯ ಮಾಯುತ್ತಿತ್ತು, ಮನುಷ್ಯ ಮಾತ್ರ ಇಳಿಯುತ್ತಿದ್ದ. ನನ್ನ ಪೆಟ್ಟಿಗೆಯಲ್ಲಿದ್ದ ಯಾವ ಔಷಧವೂ ನಾಟಲಿಲ್ಲ. ಅವನು ಉಳಿಯಲಾರನೆಂದು ನನಗೆ ಖಾತ್ರಿಯಾಗತೊಡಗಿತು.

ಮುಸಾಫಿರಖಾನೆಯ ಬಾವಿಗೆ ಯಲ್ಲವ್ವ ಎಂಬ ಹೆಂಗಸು ಮಾತ್ರ ಬರುತ್ತಿದ್ದಳು. ನನ್ನೊಡನೆ ಎಂದೂ ಮಾತಾಡದವಳು ಅಂದು ಪೀಪಿ ಯಾಕೆ ನಿಂತಿತೆಂದು ಕೇಳಿದಳು. ನಡೆದದ್ದನ್ನು ಹೇಳಿದೆ. ಅವಳು ಕೊಡ ಕೆಳಗಿಟ್ಟಳು.

"ನರಗುಂದಕ್ಕ ಹ್ವಾದ ನನ್ನ ಮಗ ತಿರುಗಿ ಬರ್ಲಿಲ್ರಿ. ಇಂವ ಅವನ್ನ ಕೊಂದವರ ಪೈಕಿ, ಗೊತ್ತೈತಿ. ನಾ ಏನೂ ಮಾಫ್ ಮಾಡಿಲ್ಲ. ಆದ್ರ ಮನಿ ಭಾಳ ಬಿಕೋ ಅಂತೈತಿ. ಸಂಜಿಮುಂದ ಏನರ ಒಂದು ಸಪ್ಪಳ ಕಿವಿಗಿ ಬೀಳ್ತಿತ್ತು. ಬಾರಸ್ಲಿ."

ಅಲ್ಲಿಂದ ಅವಳು ನೇರ ಗೌಡರ ಮನೆಗೆ ಹೋದಳು. ಏನು ಹೇಳಿದಳೋ ತಿಳಿಯದು. ದೀಪ ಹಚ್ಚುವವರೆಗೆ ಊದಬಹುದೆಂದು ಗೌಡರು ಹೇಳಿಕಳಿಸಿದರು.

ಪೀಪಿ ಮರಳಿ ಕೊಡುತ್ತ, ಊದಲಿ ಎಂದವಳು ಯಾರು, ಅವಳ ಮಗನಿಗೆ ಏನಾಯಿತು ಎಂಬುದನ್ನೂ ಮೈಕೆಲ್‌ಗೆ ತಿಳಿಸಿದೆ. ಅವನು ತನ್ನ ಮಂಚವನ್ನು ಬಾವಿಯ ಕಡೆಯ ಬಾಗಿಲಿಗೆ ಸರಿಸಲು ಹೇಳಿದ. ಒಣಗಿದ ತುಟಿಯಿಂದ ಮೊದಲು ಬರೀ ಗಾಳಿ ಬಂತು, ನಂತರ ಸ್ವರ. ಮರುದಿನ ಗಂಜಿ ಕುಡಿದ.

ಯಲ್ಲವ್ವ ಒಮ್ಮೆಯೂ ಒಳಗೆ ಬರಲಿಲ್ಲ. ಬಾವಿಕಟ್ಟೆಯ ಮೇಲೆ ಬೆನ್ನು ಮಾಡಿ ಕೂತಿದ್ದು, ಕತ್ತಲಾಗುವ ಮೊದಲು ಎದ್ದು ಹೋಗುತ್ತಿದ್ದಳು. ಮಳೆಗಾಲ ಕಳೆದು ಬಂಡಿ ಬಂದು ಮೈಕೆಲ್ ಹೊರಟ ದಿನ ಅವಳು ನೀರಿಗೂ ಬರಲಿಲ್ಲ. ಅವನು ಮುಂದೆ ಏನಾದನೆಂಬುದು ನನಗೆ ತಿಳಿಯದು.

ಗಾಯ ಮಾಯುತ್ತಿದ್ದರೂ ಮನುಷ್ಯ ಸಾಯಬಲ್ಲ ಎಂಬುದನ್ನು ನಾನು ಕಂಡದ್ದು ರೋಣದಲ್ಲಿ. ಮುಂದೆ ಯಾವ ಊರಿಗೆ ಹೋದರೂ ಪಟ್ಟಿ ಬಿಚ್ಚುವ ಮೊದಲು ಮನೆಯಲ್ಲಿ ಯಾರ್ಯಾರಿದ್ದಾರೆಂದು ಕೇಳುತ್ತಿದ್ದೆ. ಯಾರೂ ಇಲ್ಲ ಎಂದವರ ಹತ್ತಿರ, ಕೆಲಸ ಮುಗಿದ ಮೇಲೂ ತುಸು ಹೊತ್ತು ಕೂತು ಏಳುತ್ತಿದ್ದೆ.