ಬಡಿಯದೆ ಹಾಕಿದ ಹುಲ್ಲು

ಕಪ್ಪತಗುಡ್ಡದ ಊಬಿನ ಹುಲ್ಲನ್ನು ಯಾರೂ ಬಿತ್ತುವುದಿಲ್ಲ. ಮೊದಲ ಮಳೆಗೆ ತಾನೇ ಹುಟ್ಟುತ್ತದೆ, ದೀಪಾವಳಿ ಹೊತ್ತಿಗೆ ಸೂಜಿಯಂಥ ಊಬು ಬಿಡುತ್ತದೆ, ಬೇಸಿಗೆಗೆ ಬುಡಸಮೇತ ಸತ್ತುಹೋಗುತ್ತದೆ. ಸಾಯುವ ಮುಂಚೆ ಸೀರೆಯ ಅಂಚಿಗೆ, ಕುರಿಯ ಉಣ್ಣೆಗೆ ಚುಚ್ಚಿಕೊಂಡು ಊರೆಲ್ಲ ಹರಡುತ್ತದೆ. ಅದನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮದು ಡೋಣಿಯಲ್ಲಿ ಗಾದಿ ತುಂಬುವ ಪಿಂಜಾರರ ಮನೆ. ಇದು ನಡೆದಾಗ ಗದಗ ಜಿಲ್ಲೆಯಾಗಿ ಕೆಲವೇ ವರ್ಷಗಳಾಗಿದ್ದವು. ಹತ್ತಿಯ ಧೂಳು ಕುಡಿದೂ ಕುಡಿದೂ ಅವ್ವನ ಎದೆ ಹಾಳಾಗಿತ್ತು. ಸಾಯುವುದರೊಳಗೆ ಒಮ್ಮೆಯಾದರೂ ತಾನೇ ಸಾಕಿದ ಹೋತವನ್ನು ಬಕ್ರೀದಿಗೆ ಕುರ್ಬಾನಿ ಕೊಡಬೇಕು ಎಂಬುದೊಂದೇ ಅವಳ ಆಸೆ. ಹೋತವೂ ಬೆಳೆದು ನಿಂತಿತ್ತು. ಅದಕ್ಕೆ ಮೇವು ತರುವುದು ನನ್ನ ಕೆಲಸ. ಗಂಡನ ಮನೆ ಬಿಟ್ಟು ಬಂದು ಕೂತವಳಿಗೆ ನೊಣ ಹೊಡೆಯುವುದಕ್ಕಿಂತ ಅದು ಮೇಲು ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು.

ಊಬು ಬಂದ ಮೇಲೆ ಹುಲ್ಲಿನ ಕಟ್ಟನ್ನು ಕಲ್ಲಿಗೆ ಬಡಿದು, ಊಬು ಉದುರಿಸಿಯೇ ಹಾಕಬೇಕು. ಬಕ್ರೀದಿಗೆ ಹತ್ತು ದಿನವಿದ್ದಾಗ ಒಂದು ಸಂಜೆ ಹಾಗೇ ಎಸೆದುಬಿಟ್ಟೆ. ಕೈ ನೋಯುತ್ತಿತ್ತು ಎನ್ನಬಹುದು. ನಿಜವಾಗಿ ಅದು ಮೈಗಳ್ಳತನ. ಮರುದಿನ ಹೋತದ ಎಡಗಣ್ಣಿನಿಂದ ನೀರು ಸುರಿಯುತ್ತಿತ್ತು. ನಮ್ಮ ಮನೆಯಲ್ಲಿ ಯಾರ ಕಣ್ಣಲ್ಲಿ ನೀರು ಬಂದರೂ ಅದು ಅರಳೆಯ ಎಳೆ ಬಿದ್ದೇ. ಇದೂ ಅದೇ ಅಂದುಕೊಂಡು ದಿನಕ್ಕೆ ಮೂರು ಸಲ ನೀರು ಹಾಕಿ ತೊಳೆದೆ. ನಾಲ್ಕನೇ ದಿನ ಕಣ್ಣುಗುಡ್ಡೆ ಬೆಳ್ಳಗಾಯಿತು.

ಪಕ್ಕದ ಮನೆಯ ಕುರಿ ಕಾಯುವ ಮುದುಕ ರೆಪ್ಪೆ ಬಿಡಿಸಿ ನೋಡಿದ. "ಊಬು ಹೊಕ್ಕೈತಿ. ನೀರು ಹಾಕಿದಿ ಏನು? ನೀರು ತಾಗಿದ್ರ ಅದು ತಿರುಪಿನಂಗ ತಿರುಗಿ ಒಳಗ ಇಳಿತೈತಿ. ಹೋತು ಈ ಕಣ್ಣು."

ಕಣ್ಣು ಹೋದ ಪ್ರಾಣಿ ಕುರ್ಬಾನಿಗೆ ಸಲ್ಲುವುದಿಲ್ಲ. ಅವ್ವ ಹೋತದ ಕೊರಳಿಗೆ ಕೈ ಹಾಕಿಕೊಂಡು ಕೂತಳು.

"ಹುಲ್ಲು ಕಲ್ಲಿಗೆ ಬಡದಿದ್ದಿ ಹೌದಿಲ್ಲ?" ಎಂದು ಕೇಳಿದಳು.

"ಹೂಂ, ಬಡದಿದ್ದೆ," ಅಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ಅವಳು ನಂಬಿದಳು. "ಹಂಗಾದ್ರ ನಿಂದೇನೂ ತಪ್ಪಿಲ್ಲ ಬಿಡವಾ. ನನ್ನ ಕುರ್ಬಾನಿನ ಅಲ್ಲಾಗ ಬ್ಯಾಡಾಗೇತಿ."

ಮುಂದಿನ ಮಳೆಗೆ ಆ ಹುಲ್ಲು ಮತ್ತೆ ಹುಟ್ಟುವ ಮುಂಚೆ ಅವ್ವ ಹೋದಳು. ಕೊನೆಯ ವಾರ, ಉಸಿರು ಸಾಲದಿದ್ದರೂ, ನೋಡಲು ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು: "ನಾ ಅಲ್ಲಾಗ ಏನು ತಪ್ಪು ಮಾಡಿದ್ನಿ?" ನಾನು ಅವಳ ಕಾಲು ಒತ್ತುತ್ತ ಅಲ್ಲೇ ಕೂತಿದ್ದೆ. ನಾಚಿಕೆಯಿಂದ ಸಾಯುತ್ತಿದ್ದೆ, ಆದರೆ ಬಾಯಿ ಬಿಡಲಿಲ್ಲ.